ಬಿಡಿಹಾಳೆಯ ವ್ಯಾಪಾರ

ಹದಿನೇಳನೆಯ ಶತಮಾನದ ಡಚ್ ಭೂಪಟಗಳೆಂದರೆ ಧನಿಕರಿಗೆ ಈಗಲೂ ಬಲು ಮೋಹ. ಆ ಮೋಹವನ್ನು ನಾವು ಹಳಿಯುವುದಿಲ್ಲ. ಅದನ್ನು ತಣಿಸಲೋಸುಗ ಕೆಲವು ವರ್ತಕರು ಹಿಡಿದಿರುವ ದಾರಿಯನ್ನು ಹಳಿಯುತ್ತೇವೆ. ಇಡಿಯ ಗ್ರಂಥವನ್ನು ಬಿಚ್ಚಿ ಹಾಳೆಹಾಳೆಯಾಗಿ ಮಾರುವುದು ಅವರ ಪದ್ಧತಿ.

1654ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯೋಹಾನ್ ಬ್ಲಾವ್ ಎಂಬಾತನು ಪ್ರಕಟಿಸಿದ ಸ್ಕಾಟ್ಲೆಂಡಿನ ಭೂಪಟಗ್ರಂಥವನ್ನೇ ನೋಡಿರಿ. ಕೆತ್ತನೆ, ಮುದ್ರಣಗಳ ಕೀರ್ತಿ ಡಚ್ಚರದೆಂಬುದು ನಿಜವೇ. ಆದರೆ ಆ ಪಟಗಳಲ್ಲಿ ಬಹುಪಾಲಿಗೆ ಆಧಾರವಾದುದು ಟಿಮೊಥಿ ಪಾಂಟ್ ಎಂಬ ಸ್ಕಾಟ್ ಪಾದ್ರಿಯ ಶ್ರಮ. 1580 ಮತ್ತು 1590ರ ದಶಕಗಳಲ್ಲಿ ಆತನು ಗುಡ್ಡ ಕಣಿವೆಗಳನ್ನು ಸುತ್ತಿ, ಹಳ್ಳಿ ಹೊಳೆ ಕೋಟೆಗಳ ಹೆಸರುಗಳನ್ನು ಬರೆದುಕೊಂಡು ನಕ್ಷೆಗಳನ್ನು ರಚಿಸಿದನು. ಅವು ಅಚ್ಚಾದುದನ್ನು ಕಾಣದೆಯೇ ತೀರಿಕೊಂಡನು. ಶಿಥಿಲವಾಗಿದ್ದ ಆ ನಕ್ಷೆಗಳನ್ನು ಮುಂದೆ ರಾಬರ್ಟ್ ಗಾರ್ಡನನು ತಿದ್ದಿ ಕೊಟ್ಟನು. ಸೀಮೆಸೀಮೆಗಳ ವರ್ಣನೆಯೂ ಪಟಗಳೊಡನೆಯೇ ಅಚ್ಚಾಯಿತು. ಹಾಳೆ ಕಿತ್ತು ಚೌಕಟ್ಟಿಗೇರಿತೆಂದರೆ ಆ ಬರಹ ಕೊಳ್ಳುವವರಿಲ್ಲದೆ ಮೂಲೆ ಸೇರುತ್ತದೆ. ಪಾಂಟನ ನೆನಪೂ ಅದರೊಡನೆ. (ಕಿತ್ತ ಹಾಳೆಗೆ ಹೊಸ ಬಣ್ಣ ಬಳಿದು ಹಳೆಯದೆನ್ನುವ ಧೂರ್ತರ ಮಾತು ಬೇರೆಯೇ ಇದೆ.)

ಬ್ಲಾವನ ಅಚ್ಚುಕೂಟವನ್ನು 1672ರ ಬೆಂಕಿ ಸುಟ್ಟಿತು. ಆ ಬೆಂಕಿಗೆ ಸಿಕ್ಕದೆ ಉಳಿದ ಗ್ರಂಥಗಳು ಕತ್ತರಿಗೆ ಬಲಿಯಾಗಬೇಕೆ? ಬಿಡಿಹಾಳೆ ಕೊಳ್ಳುವ ಮಹಾಶಯರು ಅದನ್ನು ಯಾವ ಗ್ರಂಥದಿಂದ, ಯಾವಾಗ ಕಿತ್ತರೆಂದು ಕೇಳಲಿ. ಉತ್ತರ ಬಾರದಿದ್ದಲ್ಲಿ ಹಣದ ಚೀಲವನ್ನು ಬಿಚ್ಚದಿರಲಿ.