ಮಿಸೆಸ್ ಜಾನ್ ಮರ್ಫಿ ಯಾರು?

ನನ್ನ ಅಕ್ಕನ ಮಗನಿಗೆ ಪಾಶ್ಚಾತ್ಯ ಸಂಗೀತದ ಹುಚ್ಚು. ಮೊನ್ನೆ ಮನೆಗೆ ಬಂದವನು ಅಮೆರಿಕದ ‘ಪಿಕ್ಸೀಸ್’ ಎಂಬ ರಾಕ್ ತಂಡದ ಕಥೆ ಹೇಳುತ್ತ ಕೂತ. ಹಾಡು ಕಟ್ಟಿದವನ ಪ್ರತಿಭೆಯನ್ನೂ ಗಿಟಾರ್ ನುಡಿಸಿದವನ ಕೈಚಳಕವನ್ನೂ ಎಷ್ಟು ಹೊಗಳಿದರೂ ಅವನಿಗೆ ಸಾಲದು. “ಅದರಲ್ಲಿ ಒಬ್ಬಳು ಹೆಂಗಸೂ ಇದ್ದಳಲ್ಲವೇನೋ?” ಎಂದು ಕೇಳಿದೆ. “ಇದ್ದಳು ಚಿಕ್ಕಮ್ಮ, ಕಿಮ್ ಡೀಲ್ ಅಂತ. ಅದೃಷ್ಟವಂತೆ. ಕೈಯಲ್ಲಿ ವಾದ್ಯವೇ ಇಲ್ಲದೆ ಬಂದು ಸೇರಿಕೊಂಡುಬಿಟ್ಟಳು” ಎಂದ.

ಈ ‘ಅದೃಷ್ಟವಂತೆ’ ಎನ್ನುವ ಮಾತಿನ ಬಗ್ಗೆಯೇ ನನ್ನ ತಕರಾರು.

ನಡೆದದ್ದು ಇಷ್ಟು. 1986ರಲ್ಲಿ ಬಾಸ್ಟನ್ ನಗರದಲ್ಲಿ ಚಾರ್ಲ್ಸ್ ಥಾಂಪ್ಸನ್, ಜೋಯಿ ಸಾಂಟಿಯಾಗೊ ಎಂಬ ಇಬ್ಬರು ಹುಡುಗರು ಕಾಲೇಜು ಬಿಟ್ಟು ತಂಡ ಕಟ್ಟಲು ಹೊರಟರು. ಬೇಸ್ ಗಿಟಾರ್ ನುಡಿಸುವವರು ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಬಂದವಳು ಕಿಮ್ ಒಬ್ಬಳೇ. ಅವಳು ಅದುವರೆಗೆ ಬೇಸ್ ಮುಟ್ಟಿದವಳೂ ಅಲ್ಲ. ಆದರೆ ಆಮೇಲೆ? ಮೊದಲ ಅಭ್ಯಾಸಗಳು ನಡೆದದ್ದು ಅವಳ ಮನೆಯಲ್ಲಿ. ಡ್ರಮ್ಸ್‌ಗೆ ಜನ ಬೇಕೆಂದಾಗ ಊರಿನಿಂದ ತಂಗಿ ಕೆಲ್ಲಿಯನ್ನು ತನ್ನ ಖರ್ಚಿನಲ್ಲಿ ವಿಮಾನದಲ್ಲಿ ಕರೆಸಿದಳು. ಅದು ಕೂಡಿಬರದಿದ್ದಾಗ ಡೇವಿಡ್ ಲವರಿಂಗ್‌ನ ಹೆಸರು ಹೇಳಿದವನು ಅವಳ ಗಂಡ. ಲವರಿಂಗ್ ಅವಳಿಗೆ ಪರಿಚಯವಾದದ್ದೇ ಅವಳ ಮದುವೆಯ ಔತಣದಲ್ಲಿ! ಜಾಗ ಹೊಂದಿಸುವುದು, ಜನ ಕೂಡಿಸುವುದು, ಹೊಸ ವಾದ್ಯ ಕಲಿಯುವುದು ಇವೆಲ್ಲ ಹುಡುಗರು ಮಾಡಿದರೆ ‘ತಂಡ ಕಟ್ಟಿದರು’ ಎನ್ನುತ್ತೇವೆ. ಹೆಂಗಸು ಮಾಡಿದರೆ ‘ಸೇರಿಕೊಂಡಳು’.

ಥಾಂಪ್ಸನ್ ದುಡಿಯಲಿಲ್ಲವೆಂದು ನಾನು ಹೇಳುತ್ತಿಲ್ಲ. ಹಗಲು ಗೋದಾಮಿನಲ್ಲಿ ದುಡಿದು ಹಾಡು ಕಟ್ಟಿದವನು ಅವನು. 1987ರಲ್ಲಿ ಅವನ ತಂದೆ ಕೊಟ್ಟ 1,000 ಡಾಲರಿನಲ್ಲಿ ಕೆಲವೇ ದಿನಗಳಲ್ಲಿ 17 ಹಾಡುಗಳನ್ನು ಧ್ವನಿಮುದ್ರಿಸಿದರು. ಆ ಕ್ಯಾಸೆಟ್ಟು ಲಂಡನ್ನಿನ ‘ಫೋರ್ ಎ.ಡಿ.’ ಸಂಸ್ಥೆಗೆ ಹೋಯಿತು. ಮಾಲೀಕನಿಗೆ ಅಷ್ಟೇನೂ ಹಿಡಿಸಲಿಲ್ಲ. ಕೈಬಿಡಲಿದ್ದವನನ್ನು ಒಪ್ಪಿಸಿದವಳು ಅವನ ಗೆಳತಿ. ನೋಡಿ, ಇಲ್ಲಿಯೂ ಒಬ್ಬ ಹೆಂಗಸು. 17ರಲ್ಲಿ 8 ಹಾಡುಗಳು ಅದೇ ವರ್ಷ ‘ಕಮ್ ಆನ್ ಪಿಲ್ಗ್ರಿಮ್’ ಎಂಬ ಹೆಸರಿನಲ್ಲಿ ಹೊರಬಂದವು.

ಆ ರೆಕಾರ್ಡಿನ ಮೇಲೆ ಕಿಮ್ ಡೀಲ್ ಎಂಬ ಹೆಸರೇ ಇಲ್ಲ. ‘ಮಿಸೆಸ್ ಜಾನ್ ಮರ್ಫಿ’ ಎಂದಿದೆ! ಯಾರೂ ಒತ್ತಾಯ ಮಾಡಿದ್ದಲ್ಲ, ಅವಳೇ ಹಾಕಿಸಿದ್ದು. ಅವಳು ಡಾಕ್ಟರೊಬ್ಬರ ಕಚೇರಿಯಲ್ಲಿ ಕೆಲಸಕ್ಕಿದ್ದಾಗ ಅಲ್ಲಿಗೆ ಬಂದ ಹೆಂಗಸೊಬ್ಬಳು, ತನ್ನನ್ನು ಗಂಡನ ಹೆಸರಿನಿಂದ ಕರೆಯುವುದೇ ಮರ್ಯಾದೆ ಎಂದಿದ್ದಳಂತೆ. ಅದನ್ನು ಅಣಕಿಸಿ ಕಿಮ್ ಗಂಡನ ಹೆಸರನ್ನು ಇಡಿಯಾಗಿ ಮೈಮೇಲೆ ಎಳೆದುಕೊಂಡಳು. ಲಗ್ನಪತ್ರಿಕೆಗಳ ವಿಳಾಸದಲ್ಲಿ ಬರೀ ‘ಶ್ರೀಮತಿ’ಯಾಗಿ ಉಳಿದುಹೋಗುವ ನಮಗೆ ಈ ಹಾಸ್ಯ ಅರ್ಥವಾಗಲು ಇಂಗ್ಲಿಷ್ ಬೇಕಿಲ್ಲ.

1988ರ ‘ಸರ್ಫರ್ ರೋಸಾ’ದಲ್ಲಿಯೂ ಅದೇ ಹೆಸರು. ಅದರಲ್ಲಿನ ‘ಜೈಗ್ಯಾಂಟಿಕ್’ ಹಾಡನ್ನು ಥಾಂಪ್ಸನ್ ಜೊತೆ ಬರೆದು ಹಾಡಿದವಳು ಕಿಮ್. ಧ್ವನಿಗೆ ನಿಜವಾದ ಅನುರಣನ ಬರಲೆಂದು ಸ್ಟೀವ್ ಆಲ್ಬಿನಿ ಅವಳನ್ನು ಸ್ಟುಡಿಯೋದ ಬಚ್ಚಲುಮನೆಯಲ್ಲಿ ನಿಲ್ಲಿಸಿ ಹಾಡಿಸಿದ. ಆ ವರ್ಷ ಅದೇ ಹಾಡು ತಂಡದ ಮೊದಲ ಸಿಂಗಲ್ ಆಯಿತು. ಇಷ್ಟಾದ ಮೇಲೆ ಅವಳಿಗೆ ಇನ್ನಷ್ಟು ಹಾಡು ಸಿಗಬೇಕಲ್ಲವೇ? ನೀವೇ ಹೇಳಿ. 1989ರಲ್ಲಿ ಬಂದ ‘ಡೂಲಿಟಲ್’ನ 15 ಹಾಡುಗಳಲ್ಲಿ ಅವಳ ಪಾಲಿಗೆ ಬಂದದ್ದು ಒಂದರ ರಚನೆಯಲ್ಲಿ ಅರ್ಧ. ಅಷ್ಟು ಹೊತ್ತಿಗೆ ವಿಚ್ಛೇದನವಾಗಿ, ರೆಕಾರ್ಡಿನ ಮೇಲೆ ಅವಳ ಸ್ವಂತ ಹೆಸರು ಬಂದಿತ್ತು. ಹೆಸರು ಬಂತು, ಹಾಡು ಹೋಯಿತು. ಪಿಕ್ಸೀಸ್‌ನಿಂದ ಕಲಿತೆನೆಂದು ಒಪ್ಪಿಕೊಂಡ ‘ನಿರ್ವಾಣ’ ತಂಡದ ಕರ್ಟ್ ಕೋಬೇನ್ ಕೂಡ, ಅವಳಿಗೆ ಹೆಚ್ಚು ಹಾಡು ಬರೆಯಲು ಬಿಡಬೇಕಿತ್ತೆಂದು ಬಹಿರಂಗವಾಗಿಯೇ ಹೇಳಿದ.

ಅವಳು ಅಳುತ್ತ ಕೂರಲಿಲ್ಲ. ‘ಬ್ರೀಡರ್ಸ್’ ಎಂಬ ಬೇರೆ ತಂಡ ಕಟ್ಟಿದಳು. ಡ್ರಮ್ಸ್ ಬೇಡವೆಂದಿದ್ದ ತಂಗಿ ಅಲ್ಲಿ ಗಿಟಾರ್ ಹಿಡಿದಳು. 1993ರ ಅವರ ‘ಲಾಸ್ಟ್ ಸ್ಪ್ಲಾಷ್’ ಅಮೆರಿಕದಲ್ಲಿ 10 ಲಕ್ಷ ದಾಟಿತು. ಆ ದಿನಗಳಲ್ಲಿ ಪಿಕ್ಸೀಸ್‌ನ ಯಾವ ಆಲ್ಬಮ್ಮೂ ಅಲ್ಲಿ ಅಷ್ಟು ಮಾರಿರಲಿಲ್ಲ.

ಇದನ್ನೆಲ್ಲ ಹೇಳಿ ಮುಗಿಸಿ, ಅಕ್ಕನ ಮಗನನ್ನು ಕೇಳಿದೆ: “ಈಗ ಹೇಳು, ಅದೃಷ್ಟ ಯಾರದು?” ಅವನು ತಲೆ ಕೆರೆದುಕೊಂಡು, “ಕಾಫಿ ಇದೆಯಾ ಚಿಕ್ಕಮ್ಮ?” ಎಂದ. ಡಿಕಾಕ್ಷನ್ ಒಲೆಯ ಪಕ್ಕದಲ್ಲಿದೆ, ಹಾಲು ನೀನೇ ಕಾಯಿಸಿಕೋ ಎಂದೆ.