ಬಸ್ ಬೋರ್ಡಲ್ಲಿ ಕೂರೋ ಕನ್ನಡ ಗೇಮಲ್ಲಿ ಯಾಕೆ ಕೂರಲ್ಲ?

"ವಿಡಿಯೋ ಗೇಮಿಗೆ ಕನ್ನಡ ಯಾಕೆ ಗುರು? ಗುಂಡು ಹೊಡೆಯೋಕೆ ಭಾಷೆ ಬೇಕಾ?" ಅಂತ ಕೇಳೋರು ಸುಮಾರು ಜನ ಇದ್ದಾರೆ. ಗುಂಡು ಹೊಡೆಯೋಕೆ ಬೇಡದೇ ಇರಬಹುದು. ಆದರೆ ಎಲ್ಲ ಗೇಮೂ ಗುಂಡು ಹೊಡೆಯೋ ಗೇಮಲ್ಲ.

ನಿಂಟೆಂಡೊದವರ ಫೈರ್ ಎಂಬ್ಲೆಮ್ ಸರಣಿಯನ್ನೇ ತಗೊಳ್ಳಿ. 1990ರಲ್ಲಿ ಜಪಾನಿನಲ್ಲಿ ಶುರುವಾಗಿದ್ದು. ಚದುರಂಗದ ಹಾಗೆ ಮನೆಗಳು. ನಿಮ್ಮ ದಂಡು ನಡೆದ ಮೇಲೆ ಎದುರಾಳಿಯ ಸರದಿ. ಕತ್ತಿ ಕೊಡಲಿಯನ್ನ ಮಣಿಸುತ್ತೆ, ಕೊಡಲಿ ಈಟಿಯನ್ನ, ಈಟಿ ಕತ್ತಿಯನ್ನ. ಚದುರಂಗಕ್ಕಿಂತ ಬೇರೆ ಏನಪ್ಪಾ ಅಂದ್ರೆ, ಇಲ್ಲಿ ಒಂದೊಂದು ಕಾಯಿಗೂ ಹೆಸರಿದೆ, ಊರಿದೆ, ಯಾರ ಮೇಲೋ ಸಿಟ್ಟಿದೆ. ಹಳೇ ನಿಯಮದಲ್ಲಿ ಯುದ್ಧದಲ್ಲಿ ಸತ್ತವರು ಮತ್ತೆ ಬರೋದೇ ಇಲ್ಲ. ಶತ್ರು ಕಡೆಯ ಕೆಲವರ ಹತ್ತಿರ ಸರಿಯಾದ ಮನುಷ್ಯನನ್ನ ಕಳಿಸಿ ಮಾತಾಡಿಸಿದರೆ ನಿಮ್ಮ ಕಡೆಗೇ ಬಂದುಬಿಡ್ತಾರೆ. ಯಾರು, ಯಾಕೆ ಅನ್ನೋ ಸುಳಿವು ಇರೋದು ಸಂಭಾಷಣೆಯಲ್ಲಿ. ಓದದೇ ಇದ್ದರೆ ಆಟದ ಅರ್ಧ ಹೋಯ್ತು.

ಯಲಹಂಕ ಉಪನಗರದಲ್ಲಿರೋ ನಮ್ಮಕ್ಕನ ಮಗನಿಗೆ ನನ್ನ ಹಳೇ ಗೇಮ್ ಬಾಯ್ ಅಡ್ವಾನ್ಸ್ ಕೊಟ್ಟಿದ್ದೆ. ಏಳನೇ ಕ್ಲಾಸು, ಕನ್ನಡ ಮೀಡಿಯಂ. ತೇಜಸ್ವಿ ಪುಸ್ತಕ ಕೈಗೆ ಸಿಕ್ಕರೆ ಊಟ ಮರೆಯೋ ಹುಡುಗ. ಗೇಮಲ್ಲಿ ಮಾತು ಬಂದ ತಕ್ಷಣ ಟಕಟಕ ಅಂತ ಬಟನ್ ಒತ್ತಿ ಮುಂದೆ ಓಡಿಸ್ತಾನೆ. ಒಂದು ದಿನ ಪಕ್ಕದಲ್ಲಿ ಕೂತು ಆ ಸಾಲುಗಳನ್ನ ಕನ್ನಡದಲ್ಲಿ ಹೇಳಿದೆ. "ಮಾಮಾ, ಅವನು ನಮ್ಮ ಕಡೆ ಬರೋನಾ? ಹೋದ ಸಲ ಕೊಂದ್‌ಬಿಟ್ನಲ್ಲ!" ಅಂದ.

"ಇರಲಿ ಬಿಡ್ರಿ, ಹೀಗಾದ್ರೂ ಇಂಗ್ಲಿಷ್ ಕಲೀತಾನೆ" ಅನ್ನೋ ಬುದ್ಧಿವಂತರೇ, ಇದೇ ಸರಣಿ ಇಂಗ್ಲಿಷಿಗೆ ಬಂದಿದ್ದು 2003ರಲ್ಲಿ, ಹದಿಮೂರು ವರ್ಷ ತಡವಾಗಿ. 2002ರ ಒಂದು ಭಾಗ ಕಂಪನಿ ಕಡೆಯಿಂದ ಇಂಗ್ಲಿಷಲ್ಲಿ ಬರಲೇ ಇಲ್ಲ. ಆಗ ಇಂಗ್ಲಿಷಿನವರು "ನಮ್ಮ ಮಕ್ಕಳು ಹೀಗಾದ್ರೂ ಜಪಾನೀ ಕಲೀಲಿ" ಅಂತ ಸುಮ್ಮನೆ ಕೂತರಾ? ಅಭಿಮಾನಿಗಳೇ ಕೂತು ಅನುವಾದ ಮಾಡಿ, ಪ್ಯಾಚ್ ಮಾಡಿ ಹಂಚಿದರು. ಪುಗಸಟ್ಟೆ.

ಇನ್ನೊಂದು ನೆಪ ಲಿಪಿಯದ್ದು. ಒತ್ತಕ್ಷರ ಚಿಕ್ಕ ಪರದೆಯಲ್ಲಿ ಕೂರಲ್ವಂತೆ! ಎಸ್ಟೀಮ್ ಮಾಲ್ ಎದುರು ಐದು ನಿಮಿಷ ನಿಂತುಕೊಳ್ಳಿ ಸ್ವಾಮಿ. ಬಿಎಂಟಿಸಿ ಬಸ್ಸಿನ ಹಣೆ ಮೇಲೆ ದೀಪದ ಚುಕ್ಕೆಗಳಲ್ಲಿ "ಹೆಬ್ಬಾಳ" ಅಂತ ಒತ್ತಿನ ಸಮೇತ ಬರುತ್ತೆ, ಓಡೋ ಬಸ್ಸಲ್ಲೂ ಓದಬಹುದು. ಗೇಮ್ ಬಾಯ್ ಅಡ್ವಾನ್ಸ್ ಪರದೆಯಲ್ಲಿ ಅಡ್ಡಕ್ಕೆ 240, ಉದ್ದಕ್ಕೆ 160 ಚುಕ್ಕೆ ಇದೆ. ಅಷ್ಟರಲ್ಲೇ ಜಪಾನಿನವರು ಕಾಂಜಿ ಕೂರಿಸಿದರು. ನಮ್ಮ 'ಸ್ತ್ರೀ'ಗೆ ಕೆಳಗಡೆ ಸ್ವಲ್ಪ ಜಾಗ ಹೆಚ್ಚು ಬೇಕು, ಅಷ್ಟೇ. ಸ್ವಿಚ್ಚಿನ 1280 ಅಡ್ಡ 720ರ ಪರದೆಯಲ್ಲಂತೂ ಈ ಮಾತೇ ಏಳಬಾರದು.

ಮಾರ್ಕೆಟ್ ಇಲ್ಲ ಅಂತೀರಾ? 2019ರ ತ್ರೀ ಹೌಸಸ್ ಕೊರಿಯನ್‌ನಲ್ಲಿದೆ, ಇಟಾಲಿಯನ್‌ನಲ್ಲಿದೆ. ದಕ್ಷಿಣ ಕೊರಿಯಾದ ಜನಸಂಖ್ಯೆ ಐದು ಕೋಟಿ ಆಸುಪಾಸು. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂತ ಬರೆಸಿದವರು 4.37 ಕೋಟಿ. ಅವರ ಕೈಯಲ್ಲಿ ದುಡ್ಡು ಹೆಚ್ಚು, ಒಪ್ಪಿದೆ. ಸ್ವಿಚ್ 2017ರಲ್ಲಿ ಬಂದಾಗ ನಿಂಟೆಂಡೊ ಭಾರತದಲ್ಲಿ ಅದನ್ನ ಅಧಿಕೃತವಾಗಿ ಬಿಡುಗಡೆ ಕೂಡ ಮಾಡಲಿಲ್ಲ. ಅಂಥವರ ಹತ್ತಿರ ಕನ್ನಡ ಕೊಡಿ ಅಂತ ಅರ್ಜಿ ಹಿಡಿದು ನಿಲ್ಲೋದು ದಂಡ.

ನನ್ನ ತಕರಾರು ನಮ್ಮವರ ಜೊತೆ. ಇದೇ ಬೆಂಗಳೂರಲ್ಲಿ ಧ್ರುವ ಇಂಟರ್‌ಆಕ್ಟಿವ್ 1997ರಿಂದ ಪರದೇಶದ ಗೇಮುಗಳಿಗೆ ಕೆಲಸ ಮಾಡಿಕೊಟ್ಟಿತು. 2019ರಲ್ಲಿ ಅದನ್ನ ರಾಕ್‌ಸ್ಟಾರ್‌ನವರೇ ಕೊಂಡರು. ಹೆಬ್ಬಾಳ ದಾಟಿದರೆ ಮಾನ್ಯತಾ ಟೆಕ್ ಪಾರ್ಕು, ಅಲ್ಲಿ ಕೋಡ್ ಬರೆಯೋ ಕನ್ನಡಿಗರಿಗೇನು ಬರವೇ? ಗೇಮ್ ಆಡಿ ಬೆಳೆದವರೂ ಅವರೇ. ನಾಲ್ಕು ಜನ ಶನಿವಾರ ಕೂತರೆ ಒಂದು ಹಳೇ ಗೇಮಿನ ಮೊದಲ ಅಧ್ಯಾಯ ಕನ್ನಡಕ್ಕೆ ಬರಲ್ವಾ?

ಮಾಡೋದಾದರೆ ಎಟಿಎಂ ಕನ್ನಡ ಮಾತ್ರ ಬೇಡ ಮಾರಾಯ್ರೇ. ಅಟ್ಯಾಕ್ ಅನ್ನೋದಕ್ಕೆ "ಆಕ್ರಮಣಗೈಯಿರಿ" ಅಂತ ಬರೆದರೆ ನಮ್ಮ ಹುಡುಗ ಅದನ್ನೂ ಟಕಟಕ ಓಡಿಸ್ತಾನೆ. "ಹೊಡಿ" ಸಾಕು. ವೇಟ್ ಅನ್ನೋದಕ್ಕೆ "ಇರು". ಎರಡೆರಡೇ ಅಕ್ಷರ, ಒತ್ತೂ ಇಲ್ಲ.