75ರ ಎಂಜಿನ್‌ನಿಂದ 100 ಕೇಳುವ ಮುಂಚೆ

ಹಳೇ ಡೀಸೆಲ್ ಸ್ವಿಫ್ಟ್, ಡಿಸೈರ್ ಇಟ್ಟುಕೊಂಡವರ ಫೋನಿಗೆ ಒಂದು ಬಗೆಯ ವಿಡಿಯೊ ತಪ್ಪದೇ ಬರುತ್ತದೆ. ಬಾನೆಟ್ ಎತ್ತುತ್ತಾರೆ, ಅಂಗೈಯಗಲದ ಡಬ್ಬಿಯೊಂದನ್ನು ಎಂಜಿನ್ ವೈರಿಗೆ ಸಿಕ್ಕಿಸುತ್ತಾರೆ, ಆಮೇಲೆ ಕಾರು ಹೈವೇಯಲ್ಲಿ ಹಾರುತ್ತದೆ. ‘75 ಇದ್ದದ್ದು 100 ಆಗುತ್ತೆ, ಮೈಲೇಜೂ ಏರುತ್ತೆ’ ಎಂದು ಹಿಂದಿನಿಂದ ದನಿ. ಡಬ್ಬಿ ಬೇಡವೆಂದರೆ ಲ್ಯಾಪ್‌ಟಾಪ್ ತಂದು ಎಂಜಿನ್ನಿನ ಕಂಪ್ಯೂಟರಿಗೇ ಹೊಸ ಲೆಕ್ಕ ಬರೆದು ಹೋಗುವವರೂ ಇದ್ದಾರೆ. ಅದಕ್ಕೆ ರೀಮ್ಯಾಪ್ ಎನ್ನುತ್ತಾರೆ.

ಗ್ಯಾರೇಜಿನ ಮುಂದೆ ಹುಡುಗರು ಕೇಳುವ ಪ್ರಶ್ನೆ ಒಂದೇ: ‘ಅಣ್ಣಾ, ಸ್ಟಾಕ್ ಎಂಜಿನ್ ಎಷ್ಟು ಪವರ್ ತಡೀತದೆ?’ ಸ್ಟಾಕ್ ಎಂದರೆ ಕಂಪನಿಯಿಂದ ಬಂದ ಹಾಗೇ ಇರುವ, ಒಳಗಿನ ಪಿಸ್ಟನ್, ಕನೆಕ್ಟಿಂಗ್ ರಾಡ್ ಯಾವುದನ್ನೂ ಬದಲಿಸದ ಎಂಜಿನ್. ಪ್ರಶ್ನೆ ಒಳ್ಳೆಯದೇ, ಆದರೆ ಅರ್ಧ ಮಾತ್ರ. ಎಷ್ಟು ದಿನ ತಡೆಯುತ್ತದೆ, ತಡೆಯದೇ ಹೋದಾಗ ದುಡ್ಡು ಯಾರು ಕಟ್ಟುತ್ತಾರೆ ಎಂಬುದು ಉಳಿದರ್ಧ. ಅದನ್ನು ಯಾರೂ ಕೇಳುತ್ತಿಲ್ಲ ಎಂಬುದೇ ನಮ್ಮ ತಕರಾರು.

ಒಂದೇ ಎಂಜಿನ್, ಎರಡು ಪವರ್

ನಮ್ಮ ಕಡೆ ಹೆಚ್ಚು ಮಂದಿ ಬಲ್ಲ ಎಂಜಿನ್ನನ್ನೇ ತೆಗೆದುಕೊಳ್ಳೋಣ. ಫಿಯೆಟ್‌ನ 1.3 ಮಲ್ಟಿಜೆಟ್, 1,248 ಸಿಸಿ. ಮಾರುತಿಯವರು ಇದನ್ನು ಡಿಡಿಐಎಸ್ ಎಂದು ಕರೆದರು, ಟಾಟಾದವರು ಕ್ವಾಡ್ರಾಜೆಟ್ ಎಂದರು. 2007ರಲ್ಲಿ ಸ್ವಿಫ್ಟ್ ಡೀಸೆಲ್ ಬಂದ ಮೇಲೆ ಡಿಸೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ ಹೀಗೆ ಎಷ್ಟೋ ಕಾರುಗಳಲ್ಲಿ ಇದೇ ಎಂಜಿನ್ ಓಡಿತು. ಹಳದಿ ಬೋರ್ಡಿನ ಡಿಸೈರ್ ನಂಬಿ ಮನೆ ನಡೆಸಿದವರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರನ್ನೇ ನಿಲ್ಲಿಸಿತು. ಹಾಗಾಗಿ ಇವತ್ತು ಊರಲ್ಲಿ ಓಡುತ್ತಿರುವ ಡೀಸೆಲ್ ಡಿಸೈರ್ ಯಾವುದೂ ಹೊಸದಲ್ಲ. ಇದನ್ನು ನೆನಪಿನಲ್ಲಿಡಿ.

ಈ ಎಂಜಿನ್ ಎರಡು ರೂಪದಲ್ಲಿ ಬಂತು. ಸ್ವಿಫ್ಟ್, ಡಿಸೈರ್‌ನಲ್ಲಿ ಸುಮಾರು 75 ಪಿಎಸ್, 190 ನ್ಯೂಟನ್ ಮೀಟರ್ ಟಾರ್ಕ್. ಎಸ್‌ಎಕ್ಸ್4, ಎರ್ಟಿಗಾದಲ್ಲಿ 90 ಪಿಎಸ್, 200 ನ್ಯೂಟನ್ ಮೀಟರ್. ಟ್ಯೂನಿಂಗ್ ಮಾರುವವರ ದೊಡ್ಡ ಆಧಾರ ಇದೇ. ‘ನೋಡಿ, ಎಂಜಿನ್ ಒಂದೇ. ಕಂಪನಿಯವರು ಬೇಕೆಂತಲೇ ಲಾಕ್ ಮಾಡಿದ್ದಾರೆ, ನಾವು ಬೀಗ ತೆಗೀತೀವಿ.’

ಅರ್ಧ ನಿಜ. ಬ್ಲಾಕ್ ಒಂದೇ, ಟರ್ಬೊ ಬೇರೆ. 75ರದ್ದರಲ್ಲಿ ಒಂದೇ ಅಳತೆಗೆ ಕೂರಿಸಿದ ಸಣ್ಣ ಟರ್ಬೊ. 90ರದ್ದರಲ್ಲಿ ಒಳಗಿನ ರೆಕ್ಕೆಗಳು ಹೊಗೆಯ ರಭಸಕ್ಕೆ ತಕ್ಕಂತೆ ಓರೆಯಾಗುವ ವೇರಿಯಬಲ್ ಟರ್ಬೊ. ಇನ್ನೂ ಒಂದು ಗಮನಿಸಿ. ಒಳ್ಳೇ ಟರ್ಬೊ ಹಾಕಿದ ಮೇಲೂ ಕಂಪನಿ ಟಾರ್ಕ್ ಏರಿಸಿದ್ದು ಬರೀ 10. ಎಂಜಿನ್ ಮಾಡಿದವರೇ ಇಷ್ಟು ಹಿಡಿತ ತೋರಿಸಿದ್ದಾರೆ ಎಂದರೆ, ಅಂಗೈಯಗಲದ ಡಬ್ಬಿಯವನು ಕೈಬಿಚ್ಚಿ ಕೊಡುವಾಗ ಎರಡು ಸಲ ಯೋಚಿಸಬೇಕು.

ಲೋಟದ ಬಾಯಿ ಮೇಲೆ ಐದು ಕಾರು

ಪವರ್ ಎಲ್ಲಿಂದ ಬರುತ್ತದೆ? ಎಣ್ಣೆ ಉರಿದರೆ ಪವರ್. ಎಣ್ಣೆ ಉರಿಯಲು ಗಾಳಿ ಬೇಕು. ಹೊರಹೋಗುವ ಹೊಗೆಯ ರಭಸದಲ್ಲೇ ತಿರುಗಿ, ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಪಂಪೇ ಟರ್ಬೊ. ಗಾಳಿ ಹೆಚ್ಚಾದಷ್ಟೂ ಎಣ್ಣೆ ಹೆಚ್ಚು ಸುಡಬಹುದು. ಹೆಚ್ಚು ಸುಟ್ಟಷ್ಟೂ ಪಿಸ್ಟನ್ ಮೇಲೆ ಒತ್ತಡ ಹೆಚ್ಚು, ಕಾವು ಹೆಚ್ಚು.

ಎಷ್ಟು ಒತ್ತಡ? ಮಲ್ಟಿಜೆಟ್ ಪಿಸ್ಟನ್ನಿನ ಅಗಲ 69.6 ಮಿಲಿಮೀಟರ್. ಒಂದು ಸ್ಟೀಲ್ ಲೋಟದ ಬಾಯಿಯಷ್ಟು. ಟರ್ಬೊ ಇರುವ ಇಂಥ ಡೀಸೆಲ್ ಎಂಜಿನ್ನುಗಳಲ್ಲಿ ಎಣ್ಣೆ ಉರಿಯುವ ಕ್ಷಣದ ಒತ್ತಡ 150 ಬಾರ್ ಆಸುಪಾಸು ಇರುತ್ತದೆ. ಲೆಕ್ಕ ಹಾಕಿದರೆ ಆ ಲೋಟದ ಬಾಯಿ ಮೇಲೆ ಐದೂವರೆ ಟನ್‌ಗೂ ಹೆಚ್ಚು ಭಾರ. ಐದು ಡಿಸೈರ್ ಕಾರುಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಎಂಜಿನ್ 4,000 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ಒಂದೊಂದು ಪಿಸ್ಟನ್ನಿಗೂ ಇಂಥ ಹೊಡೆತ ನಿಮಿಷಕ್ಕೆ 2,000 ಸಲ. ಆ ಭಾರವನ್ನೆಲ್ಲ ಕೆಳಗೆ ಹೊರುವುದು ಕನೆಕ್ಟಿಂಗ್ ರಾಡು, ಕಾಗದದಷ್ಟು ತೆಳುವಾದ ಆಯಿಲ್ ಪದರದ ಮೇಲೆ ನಿಂತು.

ಈಗ ಡಬ್ಬಿಯ ಕೆಲಸ ನೋಡಿ. ಇಂಜೆಕ್ಟರಿಗೆ ಹೋಗುವ ಡೀಸೆಲ್ ಎಷ್ಟು ಒತ್ತಡದಲ್ಲಿದೆ ಎಂದು ಅಳೆಯುವ ಸೆನ್ಸರ್ ಒಂದಿದೆ. ಅಗ್ಗದ ಡಬ್ಬಿಗಳಲ್ಲಿ ಬಹುಪಾಲು ಆ ಸೆನ್ಸರಿಗೂ ಕಂಪ್ಯೂಟರಿಗೂ ನಡುವೆ ಕೂತು ‘ಒತ್ತಡ ಕಡಿಮೆ ಇದೆ’ ಎಂದು ಸುಳ್ಳು ಹೇಳುತ್ತವೆ. ಕಂಪ್ಯೂಟರ್ ನಂಬಿ ಒತ್ತಡ ಏರಿಸುತ್ತದೆ, ಡೀಸೆಲ್ ಜಾಸ್ತಿ ಬೀಳುತ್ತದೆ, ಕಾರು ನುಗ್ಗುತ್ತದೆ. ಡಬ್ಬಿ ಹೊಸ ಶಕ್ತಿಯನ್ನೇನೂ ತರಲಿಲ್ಲ. ಎಂಜಿನ್ನಿನ ಕಾವಲುಗಾರನ ಕಣ್ಣು ಕಟ್ಟಿತು, ಅಷ್ಟೇ. ರೀಮ್ಯಾಪ್ ಇದಕ್ಕಿಂತ ಮೇಲು. ಗಾಳಿ, ಎಣ್ಣೆ, ಸಮಯ ಮೂರನ್ನೂ ಲೆಕ್ಕ ಹಾಕಿ ಬರೆಯಬಹುದು. ಆದರೆ ಬರೆಯುವವನಿಗೆ ಆ ಲೆಕ್ಕ ಗೊತ್ತಿರಬೇಕು. ಎಲ್ಲಿಂದಲೋ ಇಳಿಸಿಕೊಂಡ ಫೈಲನ್ನು ಎಲ್ಲ ಕಾರಿಗೂ ತುಂಬುವವನಿಗೆ ಅದು ಗೊತ್ತಿರುವುದಿಲ್ಲ.

ಹಾಗಾದರೆ ಎಷ್ಟು ತಡೆಯುತ್ತದೆ?

ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಳ್ಳುವುದು ಸರಿಯಲ್ಲ. ಕಂಪನಿಯಿಂದಲೇ ಟರ್ಬೊ ಇರುವ ಡೀಸೆಲ್ ಎಂಜಿನ್ ಗಟ್ಟಿಯಾಗಿದ್ದರೆ, ಬಲ್ಲವರು ರೀಮ್ಯಾಪ್ ಮಾಡಿದರೆ, 15ರಿಂದ 20 ಶೇಕಡಾ ಏರಿಕೆಯನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಅಂದರೆ 75 ಇದ್ದದ್ದು 86, 90. ಮುಂದೆ ಹೋದಂತೆ ಒಂದೊಂದೇ ಕೈಕೊಡುತ್ತದೆ. ಎಷ್ಟೋ ಸಲ ಮೊದಲು ಜಾರುವುದು ಕ್ಲಚ್ಚು. ಟರ್ಬೊ ಮೊದಲೇ ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುವ ಸಾಮಾನು. ಇನ್ನೂ ಓಡಿಸಿದರೆ ಅದರ ಶಾಫ್ಟ್ ಅಲುಗಾಡಿ ಆಯಿಲ್ ಕುಡಿಯಲು ಶುರುಮಾಡುತ್ತದೆ. ಆಮೇಲೆ ಹೆಡ್ ಗ್ಯಾಸ್ಕೆಟ್, ಪಿಸ್ಟನ್. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಪೂರ್ತಿ ಎಕ್ಸಲರೇಟರ್ ಒತ್ತಿದಾಗ ಡೀಸೆಲ್ ಎಂಜಿನ್ನಿನ ಹೊಗೆ 700 ಡಿಗ್ರಿ ದಾಟುವುದುಂಟು. ಪಿಸ್ಟನ್ ಉಳಿದಿರುವುದು ಆಯಿಲ್ಲು, ನೀರು ಅದನ್ನು ತಣ್ಣಗಿಡುವುದರಿಂದ ಮಾತ್ರ.

ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿಗೆ ಹೊರಗಿನಿಂದ ಟರ್ಬೊ ಕೂರಿಸುವುದು ಇನ್ನೂ ಸೂಕ್ಷ್ಮ. ಅಲ್ಲಿ ಶತ್ರು ಬೇರೆ. ಮೊದಲೇ ಒತ್ತಿ ತುಂಬಿದ ಗಾಳಿಯನ್ನು ಪಿಸ್ಟನ್ ಮತ್ತೆ ಒತ್ತಿದಾಗ ಕಾವೇರಿ, ಪೆಟ್ರೋಲ್ ಅಡ್ಡಾದಿಡ್ಡಿ ತಾನೇ ಹೊತ್ತಿಕೊಳ್ಳುತ್ತದೆ. ಕಟಕಟ ಶಬ್ದ ಬರುತ್ತದೆ. ಇದೇ ನಾಕಿಂಗ್. ಜೋರಾದರೆ ಪಿಸ್ಟನ್ ಒಡೆಯಲು ತಿಂಗಳು ಬೇಕಿಲ್ಲ.

‘ಹಾಗಾದರೆ ಜಪಾನಿನವರು ಹೇಗೆ ಮಾಡಿದರು?’ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ನಮ್ಮ ಮಾರುತಿ 800ರ ಎಂಜಿನ್ 796 ಸಿಸಿ. ಕಾರ್ಬುರೇಟರ್ ಕಾಲದಲ್ಲಿ ಅದರ ಪವರ್ 40ರ ಗಡಿ ಮುಟ್ಟಲಿಲ್ಲ. ಅದೇ ಸುಜುಕಿ ಕಂಪನಿ 1987ರಲ್ಲಿ ಜಪಾನಿನಲ್ಲಿ ಆಲ್ಟೊ ವರ್ಕ್ಸ್ ಎಂಬ ಪುಟ್ಟ ಕಾರು ಬಿಟ್ಟಿತು. 543 ಸಿಸಿ, ಟರ್ಬೊ, 64 ಪಿಎಸ್. ಸಣ್ಣ ಎಂಜಿನ್ನಿನಿಂದ ಅಷ್ಟು ಪವರ್ ಬಂದದ್ದು ಟರ್ಬೊ ಒಂದರಿಂದಲೇ ಅಲ್ಲ. ಮೂರು ಸಿಲಿಂಡರಿಗೆ 12 ವಾಲ್ವ್, ಎರಡು ಕ್ಯಾಮ್‌ಶಾಫ್ಟ್, ಟರ್ಬೊದ ಬಿಸಿಗಾಳಿ ತಣಿಸಲು ಇಂಟರ್‌ಕೂಲರ್, ಎಲ್ಲವನ್ನೂ ಕಾರ್ಖಾನೆಯಲ್ಲೇ ಟರ್ಬೊಗೆಂದು ಜೋಡಿಸಿದ್ದರು. ಯೂಟ್ಯೂಬ್‌ನಲ್ಲಿ ಸಾವಿರ ಎಚ್‌ಪಿಯ ಟೊಯೊಟಾ ಸುಪ್ರಾ ನೋಡಿ ಬಾಯಿ ಬಿಡುತ್ತೇವಲ್ಲ, ಅಲ್ಲೂ ಹೀಗೆ. ಬ್ಲಾಕ್ ಕಂಪನಿಯದೇ ಇರಬಹುದು. ಟರ್ಬೊ, ಇಂಜೆಕ್ಟರ್, ಎಣ್ಣೆ ಪಂಪು ಬದಲಾಗಿರುತ್ತವೆ. ಪಿಸ್ಟನ್, ರಾಡುಗಳೂ ಹಲವು ಸಲ ಬದಲಾಗಿರುತ್ತವೆ. ವಿಡಿಯೊದಲ್ಲಿ ಬ್ಲಾಕ್ ಕಾಣುತ್ತದೆ, ಬಿಲ್ ಕಾಣುವುದಿಲ್ಲ.

ಜಾತ್ರೆಯ ಎತ್ತು, ಹೊಲದ ಎತ್ತು

ಜಾತ್ರೆಯಲ್ಲಿ ಕಲ್ಲು ಎಳೆಯುವ ಜೋಡಿಯನ್ನು ನೋಡಿದ್ದೀರಿ. ಕೆಲವು ನಿಮಿಷ ಅವು ಎಳೆಯುವ ಭಾರ ನೋಡಿದರೆ ಮೈ ಜುಮ್ಮೆನ್ನುತ್ತದೆ. ಹಾಗಂತ ಅದೇ ಭಾರವನ್ನು ದಿನವಿಡೀ, ತಿಂಗಳುಗಟ್ಟಲೆ ಹೊಲದಲ್ಲಿ ಎಳೆಸುವ ರೈತ ಯಾರಾದರೂ ಇದ್ದಾನೆಯೇ? ಟ್ಯೂನಿಂಗ್ ಅಂಗಡಿಯ ಯಂತ್ರದ ಮೇಲೆ ಕಾರು ನಿಲ್ಲಿಸಿ ತೋರಿಸುವ 100 ಎಚ್‌ಪಿ ಜಾತ್ರೆಯ ಲೆಕ್ಕ. ಅದು ಕೆಲವು ಸೆಕೆಂಡಿನದು. ಟ್ಯಾಕ್ಸಿ ಓಡಿಸುವವನ ಲೆಕ್ಕ ಲಕ್ಷ ಕಿಲೋಮೀಟರಿನದು.

ಕಂಪನಿಯವರು ಎಂಜಿನ್ನಿನಲ್ಲಿ ಒಂದಿಷ್ಟು ಶಕ್ತಿ ಉಳಿಸಿ ಇಟ್ಟಿರುವುದು ನಿಜ. ಯಾತಕ್ಕೆ? ಏಪ್ರಿಲ್ ಬಿಸಿಲಿಗೆ. ಧೂಳು ಕಟ್ಟಿದ ಏರ್ ಫಿಲ್ಟರಿಗೆ. ನೀರು ಬೆರೆತ ಡೀಸೆಲ್ಲಿಗೆ. 10 ಸಾವಿರಕ್ಕೆ ಬದಲಿಸಬೇಕಾದ ಆಯಿಲ್ಲನ್ನು 15 ಸಾವಿರಕ್ಕೆ ಎಳೆಯುವವರಿಗೆ. ಐದು ಸೀಟಿನ ಗಾಡಿಯಲ್ಲಿ ಎಂಟು ಜನ, ಮೇಲೆ ಎರಡು ಮೂಟೆ ಹಾಕಿಕೊಂಡು ಘಾಟಿ ಹತ್ತುವವರಿಗೆ. ಪಟ್ಟಿ ಓದಿ ನೋಡಿ, ಅದೆಲ್ಲ ನಾವೇ. ಹಳ್ಳಿಯ ರಸ್ತೆ, ಹಳ್ಳಿಯ ಬಳಕೆ ಆ ಉಳಿತಾಯವನ್ನು ಮೊದಲೇ ಖರ್ಚು ಮಾಡಿದೆ. ಮೂರು ಲಕ್ಷ ಕಿಲೋಮೀಟರ್ ಓಡಿದ ಎಂಜಿನ್ನಿನಲ್ಲಿ ಬೀಗ ತೆಗೆಯಲು ತಿಜೋರಿಯಲ್ಲಿ ಏನೂ ಉಳಿದಿರುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಮಾಡಿದವರಿಗೆ ಟರ್ಬೊ ಗೊತ್ತಿರಲಿಲ್ಲ, ಮಾತು ಮಾತ್ರ ಇಲ್ಲಿಗೆ ಸರಿಯಾಗಿ ಕೂರುತ್ತದೆ.

ದಂಡ ಕಟ್ಟುವವನು ಮೂರನೆಯವನು

ನಮಗೆ ಹೆಚ್ಚು ಸಂಕಟವಾಗುವುದು ಇಲ್ಲಿ. ಡಬ್ಬಿ ಹಾಕಿಸಿ ಒಂದೆರಡು ವರ್ಷ ಓಡಿಸಿದವನು ಕಾರು ಮಾರುವಾಗ ಡಬ್ಬಿ ಬಿಚ್ಚಿ ಇಟ್ಟುಕೊಳ್ಳುತ್ತಾನೆ. ಕೊಳ್ಳುವವನು ಯಾರು? ಒಡವೆ ಅಡವಿಟ್ಟೋ, ಸೊಸೈಟಿ ಸಾಲ ಎತ್ತಿಯೋ ಬಾಡಿಗೆ ಓಡಿಸಿ ಬದುಕೋಣ ಎಂದುಕೊಂಡ ಹುಡುಗ. ಅವನ ಕೈಗೆ ಬಂದ ಮೇಲೆ ಕ್ಲಚ್ ಜಾರುತ್ತದೆ, ಟರ್ಬೊ ಹೋಗುತ್ತದೆ. ‘ನಿನ್ನ ಓಡಿಸುವ ರೀತಿ ಸರಿಯಿಲ್ಲ’ ಎಂಬ ಬೈಗುಳ ಬೇರೆ. ಮೊದಲಿನವನು ಉಂಡದ್ದಕ್ಕೆ ಮೂರನೆಯವನು ಸಾಲದ ಕಂತು ಕಟ್ಟುತ್ತಾನೆ.

ಕಾನೂನು ಏನೂ ಹೇಳಿಲ್ಲ ಎಂದುಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ, ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಸೇರಿಸಿದ್ದಾರೆ. ಅಪಘಾತವಾದಾಗ ಇನ್ಶೂರೆನ್ಸ್‌ನವರ ತಕರಾರಿಗೂ ದಾರಿಯಾಗುತ್ತದೆ. ಆದರೆ ರಸ್ತೆಯಲ್ಲಿ ಹಿಡಿಯುವವರ ಕಣ್ಣಿಗೆ ಬೀಳುವುದು ಅರಚುವ ಹಾರ್ನು, ಸೈಲೆನ್ಸರು. ಬಾನೆಟ್ ಒಳಗಿನ ಡಬ್ಬಿ, ಕಂಪ್ಯೂಟರ್ ಒಳಗಿನ ಲೆಕ್ಕ ಬೀಳುವುದಿಲ್ಲ.

ಪವರ್ ಕೇಳುವ ಹುಡುಗರನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಮಲ್ಟಿಜೆಟ್ ಓಡಿಸಿದವರಿಗೆ ಗೊತ್ತು, 2,000 ಆರ್‌ಪಿಎಂ ಒಳಗೆ ಗಾಡಿ ಸತ್ತ ಹಾಗೆ ಇರುತ್ತದೆ. ತುಂಬಿದ ಗಾಡಿಯಲ್ಲಿ ಲಾರಿ ಹಿಂದೆ ಹಾಕುವಾಗ ಎದೆ ಹೊಡೆದುಕೊಳ್ಳುತ್ತದೆ. ಕಷ್ಟ ನಿಜವಾದದ್ದು. ಅದಕ್ಕೆ ಮೊದಲ ಮದ್ದು ಗೇರ್ ಒಂದು ಇಳಿಸುವುದು. ಎರಡನೆಯದು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಟರ್ಬೊ ಹೋಸಿನ ಸೋರಿಕೆ, ಇಂಜೆಕ್ಟರ್ ತೋರಿಸುವುದು. ಹಳೇ ಗಾಡಿಗಳಲ್ಲಿ ಕಂಪನಿ ಕೊಟ್ಟ 75 ಕೂಡ ಪೂರ್ತಿ ಉಳಿದಿರುವುದಿಲ್ಲ. ಮೊದಲು ಅದನ್ನು ವಾಪಸ್ ತನ್ನಿ. ಓಡಿಸಿ ಬಂದ ಕೂಡಲೇ ಆಫ್ ಮಾಡದೆ ಅರ್ಧ, ಒಂದು ನಿಮಿಷ ಎಂಜಿನ್ ಹಾಗೇ ಬಿಡಿ. ಟರ್ಬೊ ಆಯಸ್ಸಿಗೆ ಇದು ಪುಕ್ಕಟೆ ಮದ್ದು.

ಅಷ್ಟಾದ ಮೇಲೂ ಟ್ಯೂನಿಂಗ್ ಬೇಕೇ ಬೇಕು ಎನ್ನುವವರು ಮಾಡುವವನಿಂದ ಬಿಲ್ ಕೇಳಿ ಪಡೆಯಲಿ: ಏನು ಬದಲಿಸಿದೆ, ಮೊದಲು ಎಷ್ಟಿತ್ತು, ಈಗ ಎಷ್ಟು, ಕೆಟ್ಟರೆ ಯಾರು ಹೊಣೆ. ಬರೆದುಕೊಡಲು ಹಿಂಜರಿಯುವವನ ಕೈಗೆ ಗಾಡಿ ಕೊಡಬೇಡಿ. ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಯುವ ಮಕ್ಕಳಿಗೆ ರೀಮ್ಯಾಪ್ ಆದ ಗಾಡಿಯನ್ನು ಗುರುತಿಸುವುದನ್ನು ಪಾಠವಾಗಿಯೇ ಕಲಿಸಬೇಕು. ಅವರು ನಾಳೆ ಕುಳಿತುಕೊಳ್ಳುವುದು ನಮ್ಮ ಹೋಬಳಿಯ ಗ್ಯಾರೇಜುಗಳಲ್ಲೇ.

ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ನೋಡಲು ಹೋಗುವವರು ಇಷ್ಟು ಮಾಡಿ. ಟಾಪ್ ಗೇರಿನಲ್ಲಿ ನಿಧಾನ ಹೋಗುತ್ತಾ ಪೂರ್ತಿ ಎಕ್ಸಲರೇಟರ್ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಹಿಂದೆ ಕಪ್ಪು ಹೊಗೆ ದಟ್ಟವಾಗಿ ಬಂದರೆ ಎಣ್ಣೆ ಜಾಸ್ತಿ ಬೀಳುತ್ತಿದೆ, ನೀಲಿ ಬಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಓಡುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು ನೋಡಿ. ಹೊಗೆ ಬುಸುಗುಟ್ಟಿದರೆ ರಿಂಗು, ಪಿಸ್ಟನ್ ಸವೆದಿವೆ. ಸೆನ್ಸರ್ ವೈರುಗಳಿಗೆ ಟೇಪ್ ಸುತ್ತಿದ್ದರೆ, ಕ್ಲಿಪ್ ಬಿಚ್ಚಿ ಹಾಕಿದ ಗುರುತಿದ್ದರೆ ನೇರವಾಗಿ ಕೇಳಿ: ‘ಅಣ್ಣಾ, ಇದಕ್ಕೆ ಡಬ್ಬಿ ಹಾಕಿಸಿದ್ರಾ?’

ಅವನ ಮುಖ ನೋಡಿ. ರೇಟು ಆಮೇಲೆ ಮಾತಾಡಿ.